ಚಾರ್ಟಿಸ್ಟರ ಪರ ಇದ್ದ ಜನರಲ್ ಸಿಂಧ್ ನುಂಗಿದ್ದು ಹೇಗೆ?

ಒಂದು ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಬ್ರಿಟಿಷ್ ಜನರಲ್ ಒಬ್ಬನ ಹತ್ತಿರ ಕೆಲವು ಪುರೋಹಿತರು ಹೋಗಿ, ಸತಿ ನಮ್ಮ ಪದ್ಧತಿ, ಅದಕ್ಕೆ ಅಡ್ಡ ಬರಬೇಡಿ ಅಂದರಂತೆ. ಆಗಲಿ, ನೀವು ನಿಮ್ಮ ಪದ್ಧತಿಯಂತೆ ಚಿತೆ ಕಟ್ಟಿ, ಹೆಂಗಸರನ್ನು ಸುಡುವವರನ್ನು ಗಲ್ಲಿಗೇರಿಸೋದು ನಮ್ಮ ಪದ್ಧತಿ, ನಾವು ಪಕ್ಕದಲ್ಲೇ ಗಲ್ಲುಗಂಬ ನೆಡುತ್ತೇವೆ ಅಂತ ಆತ ಹೇಳಿದನಂತೆ. ಯುರೋಪಿನಲ್ಲಿ ವಲಸಿಗರ ವಿರುದ್ಧ ಮಾತಾಡುವವರೂ ಈ ಕಥೆ ಹಂಚುತ್ತಾರೆ, ಬ್ರಿಟಿಷರು ಬರದಿದ್ದರೆ ನಾವು ಹಾಗೇ ಇರುತ್ತಿದ್ದೆವು ಅನ್ನುವ ನಮ್ಮವರೂ ಹಂಚುತ್ತಾರೆ.

ಇನ್ನೊಂದು ಕಥೆ ಇದಕ್ಕಿಂತ ಹಳೆಯದು. 1843ರಲ್ಲಿ ಸಿಂಧ್ ಗೆದ್ದಮೇಲೆ ಅದೇ ಜನರಲ್ ಲಂಡನ್ನಿಗೆ ಒಂದೇ ಪದದ ಸಂದೇಶ ಕಳಿಸಿದನಂತೆ: ‘ಪೆಕಾವಿ’. ಲ್ಯಾಟಿನ್‌ನಲ್ಲಿ ಇದರ ಅರ್ಥ ‘ನಾನು ಪಾಪ ಮಾಡಿದ್ದೇನೆ’. ಇದನ್ನು ಇಂಗ್ಲಿಷಿಗೆ ತಂದರೆ ‘ಐ ಹ್ಯಾವ್ ಸಿನ್ಡ್’ ಆಗುತ್ತೆ, ಕಿವಿಗೆ ಕೇಳಿಸೋದು ‘ಸಿಂಧ್ ನನ್ನ ಕೈಯಲ್ಲಿದೆ’ ಅಂತ. ಕ್ವಿಜ್ ಪುಸ್ತಕಗಳಿಗೆ ಇದು ತುಂಬ ಇಷ್ಟದ ಪ್ರಶ್ನೆ.

ಎರಡರಲ್ಲೂ ಇರುವ ಜನರಲ್ ಸರ್ ಚಾರ್ಲ್ಸ್ ಜೇಮ್ಸ್ ನೇಪಿಯರ್. ‘ಪೆಕಾವಿ’ ಸಂದೇಶವನ್ನು ಆತ ಕಳಿಸಲೇ ಇಲ್ಲ. ಅದು ಕ್ಯಾಥರೀನ್ ವಿಂಕ್‌ವರ್ತ್ ಅನ್ನೋ ಹದಿಹರೆಯದ ಹುಡುಗಿಯ ಜೋಕ್. ಆಕೆ ಕಳಿಸಿದ್ದನ್ನು ‘ಪಂಚ್’ ಹಾಸ್ಯಪತ್ರಿಕೆ 1844ರ ಮೇ ತಿಂಗಳಲ್ಲಿ ಅಚ್ಚು ಮಾಡಿತು, ಜನ ನಿಜ ಅಂದುಕೊಂಡರು. ಸತಿ ಕಥೆಯ ಮೂಲ ನೇಪಿಯರ್‌ನ ಸ್ವಂತ ತಮ್ಮ ವಿಲಿಯಂ 1851ರಲ್ಲಿ ಬರೆದ ಪುಸ್ತಕ. ಅಣ್ಣನ ಮೇಲೆ ಬಿದ್ದ ಪ್ರತಿ ಟೀಕೆಗೂ ಉತ್ತರ ಬರೆಯುವುದನ್ನೇ ಕೆಲಸ ಮಾಡಿಕೊಂಡಿದ್ದ ತಮ್ಮ ಅವನು.

ಈ ಎರಡನ್ನೂ ಪಕ್ಕಕ್ಕಿಟ್ಟರೆ ಉಳಿಯುವ ನೇಪಿಯರ್ ಫಾರ್ವರ್ಡಿನಲ್ಲಿ ಹಿಡಿಸದಷ್ಟು ಸಂಕೀರ್ಣ ಮನುಷ್ಯ. ಬಡವರಿಗೆ ಓಟು ಸಿಗಬೇಕು ಅನ್ನುತ್ತಿದ್ದವನು, ಸಿಪಾಯಿಗಳಿಗೆ ಛಡಿ ಏಟು ಕೊಡುವುದರ ವಿರುದ್ಧ ಪುಸ್ತಕ ಬರೆದವನು. ತನಗೆ ಯಾವ ಹಕ್ಕೂ ಇಲ್ಲ ಅಂತ ಗೊತ್ತಿದ್ದೂ ಒಂದು ಇಡೀ ದೇಶವನ್ನು ಕಿತ್ತುಕೊಂಡವನೂ ಇವನೇ. ಇವೆಲ್ಲ ಒಬ್ಬನಲ್ಲೇ ಹೇಗೆ ಸೇರಿದವು ಅನ್ನೋದನ್ನು ನೋಡೋಣ. ಯಾಕಂದರೆ ‘ಆ ಆಫೀಸರ್ ತುಂಬ ಒಳ್ಳೆಯವರು’ ಅನ್ನೋ ಮಾತು ನಮ್ಮ ರಾಜಕೀಯದಲ್ಲಿ ಇವತ್ತಿಗೂ ದೊಡ್ಡ ವಾದ.

ಹನ್ನೊಂದನೇ ವಯಸ್ಸಿಗೆ ಸೈನ್ಯ

ನೇಪಿಯರ್ ಹುಟ್ಟಿದ್ದು 1782ರಲ್ಲಿ, ಲಂಡನ್‌ನಲ್ಲಿ. ಬೆಳೆದದ್ದು ಐರ್ಲೆಂಡಿನ ಸೆಲ್‌ಬ್ರಿಜ್ ಅನ್ನೋ ಊರಲ್ಲಿ. ತಾಯಿ ಲೇಡಿ ಸಾರಾ ಲೆನಾಕ್ಸ್ ರಾಜವಂಶದ ರಕ್ತದವಳು. ಅಂದರೆ ವಂಶ ದೊಡ್ಡದು, ದುಡ್ಡು ಮಾತ್ರ ಕಡಿಮೆ. ಹನ್ನೊಂದನೇ ವಯಸ್ಸಿಗೇ ಸೈನ್ಯದಲ್ಲಿ ಆಫೀಸರ್ ಹುದ್ದೆ ಸಿಕ್ಕಿತು. ಆಗಿನ ಬ್ರಿಟಿಷ್ ಸೈನ್ಯದಲ್ಲಿ ಹುದ್ದೆಗಳು ದುಡ್ಡಿಗೆ, ವಶೀಲಿಗೆ ಸಿಗುತ್ತಿದ್ದವು.

1798ರಲ್ಲಿ ಐರ್ಲೆಂಡಿನಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದಿತು. ಅದರ ನಾಯಕರಲ್ಲಿ ಒಬ್ಬನಾದ ಲಾರ್ಡ್ ಎಡ್ವರ್ಡ್ ಫಿಟ್ಸ್‌ಜೆರಾಲ್ಡ್ ನೇಪಿಯರ್‌ಗೆ ತಾಯಿಯ ಕಡೆಯಿಂದ ಸೋದರಸಂಬಂಧಿ. ನೇಪಿಯರ್‌ನ ತಂದೆ ಮಾತ್ರ ಸರ್ಕಾರದ ಪರ ನಿಂತು ಮನೆಯನ್ನೇ ಕೋಟೆ ಮಾಡಿ ಮಕ್ಕಳ ಕೈಗೆ ಬಂದೂಕು ಕೊಟ್ಟ. ದಂಗೆಗಾರರ ಬಗ್ಗೆ ಮರುಕ, ಆದರೆ ಬಂದೂಕು ಸರ್ಕಾರದ ಪರವಾಗಿ. ಈ ಪಾಠ ಕೊನೆತನಕ ಅವನ ಜೊತೆ ಉಳಿಯಿತು.

ಆಮೇಲೆ ನೆಪೋಲಿಯನ್ ವಿರುದ್ಧದ ಯುದ್ಧಗಳು. 1809ರಲ್ಲಿ ಸ್ಪೇನಿನ ಕೊರುನ್ನಾದಲ್ಲಿ ಮೈತುಂಬ ಗಾಯವಾಗಿ ಫ್ರೆಂಚರ ಕೈಗೆ ಸೆರೆಸಿಕ್ಕ. ಮನೆಯವರು ಸತ್ತನೆಂದೇ ತಿಳಿದಿದ್ದರು. ಮರುವರ್ಷ ಪೋರ್ಚುಗಲ್‌ನ ಬುಸಾಕೊದಲ್ಲಿ ಮುಖಕ್ಕೆ ಗುಂಡು ಬಿತ್ತು. 1813ರಲ್ಲಿ ಅಮೆರಿಕದ ವಿರುದ್ಧದ ಯುದ್ಧಕ್ಕೆ ಹೋದಾಗ, ಬ್ರಿಟಿಷ್ ಪಡೆ ಕರಾವಳಿಯ ಊರುಗಳನ್ನು ಲೂಟಿ ಮಾಡಿದ್ದು ನೋಡಿ ಅಸಹ್ಯಪಟ್ಟುಕೊಂಡ.

1822ರಲ್ಲಿ ಆಗ ಬ್ರಿಟಿಷರ ಕೈಯಲ್ಲಿದ್ದ ಗ್ರೀಕ್ ದ್ವೀಪ ಕೆಫಲೋನಿಯಾದ ಆಡಳಿತಗಾರನಾದ. ಜಾನ್ ಪಿಟ್ ಕೆನಡಿ ಅನ್ನೋ ಇಂಜಿನಿಯರ್ ಜೊತೆ ಸೇರಿ ಬೆಟ್ಟಗಳ ಮೇಲೆ ರಸ್ತೆ ಹಾಕಿಸಿದ, ದೀಪಸ್ತಂಭ ಕಟ್ಟಿಸಿದ. ಅಲ್ಲಿನ ಜಮೀನ್ದಾರರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ, ರೈತರ ಪರ ಅಂತ ಹೇಳಿಕೊಳ್ಳುತ್ತಿದ್ದ. ಮೇಲಧಿಕಾರಿ ಸರ್ ಫ್ರೆಡ್ರಿಕ್ ಆಡಮ್ ಜೊತೆ ಜಗಳವಾಗಿ 1830ರಲ್ಲಿ ಹುದ್ದೆ ಹೋಯಿತು. ತನಗೆ ಎಲ್ಲ ಗೊತ್ತು, ಒಬ್ಬನ ಕೈಗೆ ಪೂರ್ತಿ ಅಧಿಕಾರ ಕೊಟ್ಟರೆ ಎಲ್ಲ ಸರಿಹೋಗುತ್ತೆ ಅನ್ನೋ ನಂಬಿಕೆ ಗಟ್ಟಿಯಾದದ್ದು ಇಲ್ಲೇ. ಸಿಂಧ್‌ನಲ್ಲಿ ಮಾಡಿದ್ದಕ್ಕೆ ಇದು ಒಂಥರಾ ಪ್ರೋಟೋಟೈಪ್.

ಯಾರ ಮೇಲೆ ಗುಂಡು ಹಾರಿಸಬೇಕೋ ಅವರ ಪರ

1839ರಲ್ಲಿ ಇಂಗ್ಲೆಂಡ್ ಕುದಿಯುತ್ತಿತ್ತು. ಗಿರಣಿ ಕಾರ್ಮಿಕರು, ನೇಕಾರರು, ಗಣಿ ಕೆಲಸಗಾರರು ‘ಪೀಪಲ್ಸ್ ಚಾರ್ಟರ್’ ಅನ್ನೋ ಬೇಡಿಕೆ ಪಟ್ಟಿ ಹಿಡಿದು ಬೀದಿಗಿಳಿದಿದ್ದರು. ಆರು ಬೇಡಿಕೆ: ವಯಸ್ಕ ಗಂಡಸರಿಗೆಲ್ಲ ಓಟು, ಗುಪ್ತ ಮತದಾನ, ಸಮ ಗಾತ್ರದ ಕ್ಷೇತ್ರಗಳು, ಸಂಸದರಿಗೆ ಸಂಬಳ, ಆಸ್ತಿ ಇದ್ದವರಷ್ಟೇ ಸಂಸದರಾಗಬೇಕು ಅನ್ನೋ ನಿಯಮ ರದ್ದು, ವರ್ಷಕ್ಕೊಂದು ಚುನಾವಣೆ. ಸುಮಾರು 12.8 ಲಕ್ಷ ಸಹಿ ಇದ್ದ ಅರ್ಜಿಯನ್ನು ಪಾರ್ಲಿಮೆಂಟ್ ಆ ವರ್ಷದ ಜುಲೈನಲ್ಲಿ 235-46 ಮತಗಳಿಂದ ತಳ್ಳಿಹಾಕಿತು.

ಈ ಚಳವಳಿಯನ್ನು ಹತೋಟಿಯಲ್ಲಿಡೋಕೆ ಸರ್ಕಾರ ಉತ್ತರ ಇಂಗ್ಲೆಂಡಿನ ಹನ್ನೊಂದು ಕೌಂಟಿಗಳ ಸೇನೆಯ ಹೊಣೆ ಕೊಟ್ಟಿದ್ದು ನೇಪಿಯರ್‌ಗೆ. ತಮಾಷೆ ಅಂದರೆ, ಚಾರ್ಟಿಸ್ಟರ ಬೇಡಿಕೆಗಳಲ್ಲಿ ಹೆಚ್ಚಿನವನ್ನು ಆತ ಸ್ವತಃ ಒಪ್ಪುತ್ತಿದ್ದ. ಜನ ಹಸಿದಿದ್ದಾರೆ, ತಪ್ಪು ಎರಡೂ ಪಕ್ಷಗಳದ್ದು, ಬಡವರ ಕಾಯ್ದೆ ಕ್ರೂರವಾದದ್ದು ಅಂತ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದ.

ಆದರೂ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ. ಪ್ರತಿ ಊರಿನ ಮ್ಯಾಜಿಸ್ಟ್ರೇಟರೂ ಹತ್ತಿಪ್ಪತ್ತು ಸಿಪಾಯಿಗಳನ್ನು ಕೇಳಿದರೆ ಕೊಡಲಿಲ್ಲ. ಸಣ್ಣ ಸಣ್ಣ ತುಕಡಿಗಳು ಹೆದರಿ ಗುಂಡು ಹಾರಿಸುತ್ತವೆ, ಇಲ್ಲ ಜನರ ಕೈಗೆ ಸಿಕ್ಕಿ ಸಾಯುತ್ತವೆ, ಎರಡರಿಂದಲೂ ದಂಗೆ ಹೆಚ್ಚುತ್ತೆ ಅನ್ನೋದು ಅವನ ಲೆಕ್ಕ. ಸೈನ್ಯವನ್ನು ಒಟ್ಟಾಗಿ ಇಟ್ಟುಕೊಂಡ. ಫಿರಂಗಿ ಎದುರು ನಿಮ್ಮ ಈಟಿಗಳು ನಿಲ್ಲಲ್ಲ, ವೃಥಾ ಸಾಯಬೇಡಿ ಅಂತ ಚಾರ್ಟಿಸ್ಟ್ ನಾಯಕರಿಗೆ ಒಳಗಿಂದೊಳಗೆ ಸಂದೇಶ ಮುಟ್ಟಿಸಿದ. ಆ ವರ್ಷ ನವೆಂಬರಿನಲ್ಲಿ ವೇಲ್ಸ್‌ನ ನ್ಯೂಪೋರ್ಟ್‌ನಲ್ಲಿ ಸೈನಿಕರ ಗುಂಡಿಗೆ ಸುಮಾರು ಇಪ್ಪತ್ತು ಚಾರ್ಟಿಸ್ಟರು ಸತ್ತರು. ಅದು ನೇಪಿಯರ್‌ನ ಹೊಣೆಯ ಪ್ರದೇಶದಲ್ಲಿ ಇರಲಿಲ್ಲ.

ರಕ್ತ ಕಡಿಮೆ ಹರಿಯಿತು, ಇದು ಸಣ್ಣ ವಿಷಯ ಅಲ್ಲ. ಆದರೆ ಓಟೂ ಸಿಗಲಿಲ್ಲ. ಬೇಡಿಕೆ ನ್ಯಾಯವಾದದ್ದು ಅಂತ ಒಪ್ಪುವ ಅಧಿಕಾರಿಯೇ ಅದನ್ನು ಅತ್ಯಂತ ಸಮರ್ಥವಾಗಿ ತಡೆದ. ಪ್ರತಿಭಟನೆಗಳಿಗೆ ಹೋಗುವ ನಮ್ಮ ಗೆಳೆಯರು ಬ್ಯಾರಿಕೇಡ್ ಆಚೆ ಇಂಥ ಆಫೀಸರನ್ನು ನೋಡಿರುತ್ತಾರೆ: ನೀರು ಕೊಡುತ್ತಾರೆ, ನೀವು ಹೇಳೋದು ಸರಿ ಅನ್ನುತ್ತಾರೆ, ಮುಂದೆ ಬಿಡೋದಿಲ್ಲ.

ಸಹಿ ಹಾಕಿದ ಮೇಲೂ ಯುದ್ಧ

1841ರಲ್ಲಿ, 59ನೇ ವಯಸ್ಸಿನಲ್ಲಿ, ನೇಪಿಯರ್ ಭಾರತಕ್ಕೆ ಬಂದ. ಹೆಣ್ಣುಮಕ್ಕಳಿಬ್ಬರಿಗೆ ಏನಾದರೂ ಗಂಟು ಮಾಡಿಡಬೇಕಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಮೊದಲು ಪುಣೆ, 1842ರಲ್ಲಿ ಸಿಂಧ್.

ಆಗ ಸಿಂಧ್ ಆಳುತ್ತಿದ್ದವರು ತಾಲ್ಪುರ್ ಮನೆತನದ ಅಮೀರರು. ಬಲೂಚ್ ಮೂಲದ ಶಿಯಾ ಮುಸ್ಲಿಮರು. ಹೈದರಾಬಾದ್ (ಇದು ಸಿಂಧ್‌ನ ಹೈದರಾಬಾದ್, ನಮ್ಮ ಪಕ್ಕದ್ದಲ್ಲ), ಖೈರ್‌ಪುರ, ಮೀರ್‌ಪುರ ಅಂತ ಮೂರು ಶಾಖೆ. ಅವರ ಲೆಕ್ಕಪತ್ರ ನೋಡುತ್ತಿದ್ದವರು ಹೆಚ್ಚಾಗಿ ಹಿಂದೂ ಆಮಿಲರು. ಮೊದಲ ಆಫ್ಘನ್ ಯುದ್ಧಕ್ಕೆ ದಾರಿ ಬೇಕು ಅಂತ ಕಂಪನಿ 1839ರಲ್ಲೇ ಇವರ ಮೇಲೆ ಒಂದು ಒಪ್ಪಂದ ಹೇರಿತ್ತು. 1842ರ ಆರಂಭದಲ್ಲಿ ಕಾಬೂಲಿನಿಂದ ವಾಪಸಾಗುತ್ತಿದ್ದ ಬ್ರಿಟಿಷ್ ಸೈನ್ಯ ದಾರಿಯಲ್ಲೇ ನಾಶವಾಯಿತು. ಹೋದ ಮಾನವನ್ನು ಎಲ್ಲಾದರೂ ಗಳಿಸಬೇಕಿತ್ತು. ಗವರ್ನರ್ ಜನರಲ್ ಎಲೆನ್‌ಬರೋಗೆ ಸಿಂಧ್ ಕಣ್ಣಿಗೆ ಬಿತ್ತು.

ಮುಂದಿನ ಆರು ತಿಂಗಳು ನಡೆದದ್ದನ್ನು ಹಂತಹಂತವಾಗಿ ನೋಡಿ. ಮೊದಲು ಆರೋಪ: ಅಮೀರರು ಬ್ರಿಟಿಷರ ವಿರುದ್ಧ ಪಿತೂರಿ ಮಾಡುತ್ತಿದ್ದಾರೆ, ಪತ್ರಗಳು ಸಿಕ್ಕಿವೆ. ಆ ಪತ್ರಗಳು ಅಸಲಿಯೋ ನಕಲಿಯೋ ಅನ್ನೋದರ ಬಗ್ಗೆ ಆಗಲೇ ಜಗಳವಿತ್ತು. ಅಸಲಿ ಅಂತ ತೀರ್ಮಾನಿಸಿದ್ದು ನೇಪಿಯರ್. ಅದರ ಆಧಾರದ ಮೇಲೆ ಹೊಸ ಒಪ್ಪಂದ: ಕರಾಚಿ, ಥಟ್ಟಾದಂಥ ಊರುಗಳನ್ನು ಬಿಟ್ಟುಕೊಡಬೇಕು, ನಾಣ್ಯದ ಒಂದು ಬದಿಯಲ್ಲಿ ಬ್ರಿಟನ್ ರಾಣಿಯ ಚಿತ್ರ ಇರಬೇಕು, ಸಿಂಧೂ ನದಿಯ ಸ್ಟೀಮರುಗಳಿಗೆ ದಡದ ಮರ ಕಡಿಯಲು ಬಿಡಬೇಕು. ಆ ದಡಗಳಲ್ಲಿ ಇದ್ದದ್ದು ಅಮೀರರ ಬೇಟೆಕಾಡುಗಳು.

ಖೈರ್‌ಪುರದಲ್ಲಿ ಎಂಬತ್ತು ದಾಟಿದ ಮೀರ್ ರುಸ್ತುಂ ಖಾನ್ ಕೈಯಿಂದ ಪಟ್ಟ ಜಾರಿ, ಬ್ರಿಟಿಷರ ಜೊತೆ ಸೇರಿದ್ದ ತಮ್ಮ ಅಲಿ ಮುರಾದ್‌ಗೆ ಹೋಯಿತು. 1843ರ ಜನವರಿಯಲ್ಲಿ ನೇಪಿಯರ್ ಮರುಭೂಮಿಯ ನಡುವೆ ಇದ್ದ ಇಮಾಮ್‌ಗಢ ಕೋಟೆಗೆ ಹೋಗಿ ಮದ್ದಿಟ್ಟು ಸಿಡಿಸಿದ. ಆಗಿನ್ನೂ ಯುದ್ಧ ಘೋಷಣೆಯೇ ಆಗಿರಲಿಲ್ಲ.

ಫೆಬ್ರವರಿ 12ರಂದು ಹೈದರಾಬಾದಿನ ಅಮೀರರು ಒಪ್ಪಂದಕ್ಕೆ ಮುದ್ರೆ ಒತ್ತಿದರು. ಬ್ರಿಟಿಷ್ ಪ್ರತಿನಿಧಿ ಜೇಮ್ಸ್ ಔಟ್ರಮ್, ಸೈನ್ಯ ನಿಲ್ಲಿಸಿ, ಇಲ್ಲಿ ಜನ ರೊಚ್ಚಿಗೆದ್ದಿದ್ದಾರೆ ಅಂತ ಕೇಳಿಕೊಂಡ. ನೇಪಿಯರ್ ನಿಲ್ಲಿಸಲಿಲ್ಲ. 15ರಂದು ಬಲೂಚ್ ಸೈನಿಕರು ಔಟ್ರಮ್ ಇದ್ದ ರೆಸಿಡೆನ್ಸಿಯ ಮೇಲೆ ದಾಳಿ ಮಾಡಿದರು. ನೇಪಿಯರ್‌ಗೆ ಬೇಕಿದ್ದ ಕಾರಣ ಸಿಕ್ಕಿತು.

17ರಂದು ಮಿಯಾನಿ ಕದನ. ಬ್ರಿಟಿಷರ ಕಡೆ ಸುಮಾರು 2,800 ಜನ, ಹೆಚ್ಚಿನವರು ಭಾರತೀಯ ಸಿಪಾಯಿಗಳೇ. ಎದುರಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಅನ್ನೋ ಅಂದಾಜು. ಕತ್ತಿ, ತೋಡೇದಾರ್ ಕೋವಿ ಹಿಡಿದು ಒಣಗಿದ ನದಿಪಾತ್ರದಿಂದ ಮೇಲೇರಿ ಬಂದವರ ಮೇಲೆ ಫಿರಂಗಿ, ಸಾಲುಬಂದೂಕುಗಳ ಗುಂಡು ಸುರಿಯಿತು. ಬ್ರಿಟಿಷರ ಕಡೆ ಸತ್ತವರು, ಗಾಯಗೊಂಡವರು ಸೇರಿ ಇನ್ನೂರೈವತ್ತರ ಆಸುಪಾಸು. ಬಲೂಚರಲ್ಲಿ ಸತ್ತವರೇ ಕಡೆಪಕ್ಷ 2,000. ಮಾರ್ಚ್ 24ರಂದು ದಬ್ಬೋದಲ್ಲಿ ಇನ್ನೊಂದು ಕದನ, ಅಲ್ಲಿಗೆ ಸಿಂಧ್ ಮುಗಿಯಿತು.

ದಬ್ಬೋದಲ್ಲಿ ಹೋರಾಡಿ ಸತ್ತವರಲ್ಲಿ ಹೋಶು ಶೀದಿ ಒಬ್ಬ. ಆಫ್ರಿಕಾ ಮೂಲದವನು. ಸಿಂಧ್‌ನಲ್ಲಿ ಶೀದಿಗಳು ಅಂತ ಕರೆಸಿಕೊಳ್ಳುವ ಇವರಿಗೂ ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಗಳಿಗೂ ಹೆಸರಿನ ನಂಟೂ ಇದೆ, ಪೂರ್ವಜರನ್ನು ಹಿಂದೂ ಮಹಾಸಾಗರ ದಾಟಿಸಿ ತಂದ ಚರಿತ್ರೆಯ ನಂಟೂ ಇದೆ. ಸಾಯುತ್ತೇವೆ, ಸಿಂಧ್ ಮಾತ್ರ ಕೊಡೋದಿಲ್ಲ ಅನ್ನೋ ಅರ್ಥದ ಘೋಷಣೆ ಹೋಶುವಿನದ್ದು ಅಂತ ಸಿಂಧಿಗಳು ಹೇಳುತ್ತಾರೆ. ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ರ‍್ಯಾಲಿಗಳಲ್ಲಿ ಅದು ಇವತ್ತಿಗೂ ಕೇಳಿಸುತ್ತೆ. ಕ್ವಿಜ್ ಪುಸ್ತಕದಲ್ಲಿ ನೇಪಿಯರ್ ಕಳಿಸದ ಸಂದೇಶ ಇರುತ್ತೆ, ಹೋಶುವಿನ ಹೆಸರು ಇರಲ್ಲ.

ಡೈರಿ, ದುಡ್ಡು, ಟೀಕೆ

ಸಿಂಧ್‌ಗೆ ಬಂದ ಹೊಸತರಲ್ಲೇ ನೇಪಿಯರ್ ಡೈರಿಯಲ್ಲಿ ಒಂದು ಮಾತು ಬರೆದಿದ್ದ. ಅದರ ಸಾರಾಂಶ: ಸಿಂಧ್ ವಶಪಡಿಸಿಕೊಳ್ಳಲು ನಮಗೆ ಹಕ್ಕಿಲ್ಲ, ಆದರೂ ಮಾಡುತ್ತೇವೆ, ಮತ್ತದು ಲಾಭದ, ಮಾನವೀಯವಾದ ಒಂದು ಪುಂಡಾಟಿಕೆ ಆಗಿರುತ್ತೆ. ಜೋಕಿಗೆ ಹುಟ್ಟಿದ ‘ಪೆಕಾವಿ’ಗಿಂತ ಇದು ದೊಡ್ಡ ತಪ್ಪೊಪ್ಪಿಗೆ. ಆಮೇಲೆ ಪಶ್ಚಾತ್ತಾಪಪಟ್ಟು ಬರೆದದ್ದೂ ಅಲ್ಲ, ಕೆಲಸಕ್ಕೆ ಕೈ ಹಾಕುವ ಮೊದಲೇ ಬರೆದದ್ದು.

ಹಕ್ಕಿಲ್ಲ ಅಂತ ಗೊತ್ತಿದ್ದವನು ಯಾಕೆ ಮುಂದುವರಿದ? ಉತ್ತರ ‘ಮಾನವೀಯ’ ಅನ್ನೋ ಪದದಲ್ಲಿದೆ. ಅಮೀರರು ದಬ್ಬಾಳಿಕೆಗಾರರು, ಅವರನ್ನು ಕಿತ್ತೊಗೆದರೆ ಬಡ ಸಿಂಧಿಗಳಿಗೆ ಒಳ್ಳೇದು ಅಂತ ಆತ ಪ್ರಾಮಾಣಿಕವಾಗಿ ನಂಬಿದ್ದ. ಇಂಗ್ಲೆಂಡಿನ ಶ್ರೀಮಂತರ ಮೇಲಿದ್ದ ಸಿಟ್ಟನ್ನೇ ಕೆಫಲೋನಿಯಾದ ಜಮೀನ್ದಾರರ ಮೇಲೆ, ಆಮೇಲೆ ಅಮೀರರ ಮೇಲೆ ತಿರುಗಿಸಿದ. ವ್ಯತ್ಯಾಸ ಒಂದೇ: ಇಂಗ್ಲೆಂಡಿನ ಬಡವರಿಗೆ ಓಟು ಬೇಕು ಅಂದವನು, ಸಿಂಧ್‌ನ ಬಡವರಿಗೆ ಒಳ್ಳೆ ಯಜಮಾನ ಸಾಕು ಅಂದುಕೊಂಡ. ಆ ಯಜಮಾನ ತಾನೇ.

ಲಾಭವೂ ಬಂತು. ಗೆದ್ದ ಸಂಪತ್ತಿನಲ್ಲಿ ಸೇನೆಗೆ ಹಂಚುವ ಪಾಲಿಗೆ ‘ಪ್ರೈಜ್ ಮನಿ’ ಅನ್ನುತ್ತಿದ್ದರು. ನೇಪಿಯರ್‌ಗೆ ಸಿಕ್ಕಿದ್ದು ಸುಮಾರು 50,000 ಪೌಂಡ್, ಆ ಕಾಲಕ್ಕೆ ಭಾರಿ ಮೊತ್ತ. ಔಟ್ರಮ್ ತನ್ನ 3,000 ಪೌಂಡ್ ಪಾಲನ್ನು ಇಟ್ಟುಕೊಳ್ಳಲು ಒಪ್ಪದೆ ದಾನಕ್ಕೆ ಕೊಟ್ಟ. ಯುದ್ಧಕ್ಕೆ ಕೆಲವೇ ತಿಂಗಳ ಹಿಂದೆ ಸಕ್ಕರ್‌ನ ಔತಣಕೂಟದಲ್ಲಿ ಇದೇ ಔಟ್ರಮ್‌ನನ್ನು ನೇಪಿಯರ್ ಹಳೆಯ ಫ್ರೆಂಚ್ ವೀರ ಬಯಾರ್ಡ್‌ಗೆ ಹೋಲಿಸಿ ಹೊಗಳಿದ್ದ. ಈಗ ಇಬ್ಬರೂ ಬದ್ಧವೈರಿಗಳು.

ಕಂಪನಿಗೂ ಲಾಭವಿತ್ತು. ಮಾಳವದ ಅಫೀಮು ಕಂಪನಿಯ ಸುಂಕ ತಪ್ಪಿಸಿಕೊಂಡು ಸಿಂಧ್ ದಾರಿಯಾಗಿ ಕರಾಚಿ ಸೇರಿ ಹಡಗು ಹತ್ತುತ್ತಿತ್ತು. ಸಿಂಧ್ ಕೈಗೆ ಬಂದಮೇಲೆ ಆ ದಾರಿ ಮುಚ್ಚಿತು, ಮುಂಬೈ ದಾರಿಯ ಪರವಾನಗಿ ಶುಲ್ಕ ಏರಿಸಲು ಕಂಪನಿಗೆ ಧೈರ್ಯ ಬಂತು.

ಬ್ರಿಟನ್ನಿನಲ್ಲೇ ಟೀಕೆ ಕಡಿಮೆ ಇರಲಿಲ್ಲ. ಮುಂಬೈ ಪ್ರಾಂತ್ಯದ ಮಾಜಿ ಗವರ್ನರ್ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್, ಇದು ಬೀದಿಯಲ್ಲಿ ಒದೆ ತಿಂದ ಪುಂಡ ಮನೆಗೆ ಬಂದು ಹೆಂಡತಿಗೆ ಹೊಡೆದ ಹಾಗೆ ಅನ್ನೋ ಅರ್ಥದಲ್ಲಿ ಬರೆದ. ಕಂಪನಿಯ ನಿರ್ದೇಶಕರು 1844ರಲ್ಲಿ ಎಲೆನ್‌ಬರೋನನ್ನು ವಾಪಸ್ ಕರೆಸಿಕೊಂಡರು. ಸಿಂಧ್ ಮಾತ್ರ ವಾಪಸ್ ಕೊಡಲಿಲ್ಲ. ಟೀಕೆ ಪೂರ್ತಿ ಆಯಿತು, ಆಸ್ತಿಯೂ ಉಳಿಯಿತು.

ಸಿಂಧ್‌ನ ಪೊಲೀಸ್ ಧಾರವಾಡಕ್ಕೂ ಬಂತು

1847ರತನಕ ನೇಪಿಯರ್ ಸಿಂಧ್‌ನ ಗವರ್ನರ್. ಗುಲಾಮಗಿರಿ ರದ್ದು ಮಾಡಿದ. ಮನೆತನದ ಮಾನದ ಹೆಸರಲ್ಲಿ ಹೆಂಡತಿಯನ್ನು ಕೊಂದವರನ್ನು ಗಲ್ಲಿಗೇರಿಸಲು ಹೊರಟ. ರಾಜಧಾನಿಯನ್ನು ಕರಾಚಿಗೆ ತಂದ, ಬಂದರಿನ ಕೆಲಸ ಶುರುಮಾಡಿಸಿದ. ಇವುಗಳಲ್ಲಿ ಕೆಲವು ನಿಜಕ್ಕೂ ಒಳ್ಳೆ ಕೆಲಸ, ಅದನ್ನು ಅಲ್ಲಗಳೆಯೋ ಅಗತ್ಯ ಇಲ್ಲ.

ಆದರೆ ನಮಗೆ ಹತ್ತಿರದ ವಿಷಯ ಅವನು ಕಟ್ಟಿದ ಪೊಲೀಸ್. ಮಾದರಿಗೆ ಎರಡು ಡಿಸೈನ್ ಕಣ್ಣೆದುರಿಗಿತ್ತು. ಒಂದು 1829ರಲ್ಲಿ ಲಂಡನ್ನಿಗೆ ಮಾಡಿದ್ದು: ಬಂದೂಕಿಲ್ಲದೆ ಬೀದಿ ಸುತ್ತುವ ಪೊಲೀಸ್. ಇನ್ನೊಂದು ಐರ್ಲೆಂಡಿಗೆ ಮಾಡಿದ್ದು: ಬಂದೂಕು ಹಿಡಿದು ಬ್ಯಾರಕ್‌ನಲ್ಲಿ ಇದ್ದು, ಮೇಲಿನಿಂದ ಆದೇಶ ಬಂದಾಗ ರೈತರ ಮೇಲೆ ಹೋಗುವ ಪಡೆ. ಸಿಂಧ್‌ಗೆ ನೇಪಿಯರ್ ಆರಿಸಿಕೊಂಡಿದ್ದು ಐರಿಶ್ ಡಿಸೈನ್. ಪೊಲೀಸರಿಗೆ ಅವರದೇ ಅಧಿಕಾರಿಗಳು, ಅವರಿಗೆ ಪೊಲೀಸ್ ಕೆಲಸ ಬಿಟ್ಟು ಬೇರೆ ಕೆಲಸ ಇಲ್ಲ. ಕಂದಾಯದ ಅಧಿಕಾರಿಗಳೇ ಪೊಲೀಸ್ ಕೆಲಸವನ್ನೂ ಮಾಡುತ್ತಿದ್ದ ಹಳೆ ಪದ್ಧತಿಗೆ ಹೋಲಿಸಿದರೆ ಇದು ಚುರುಕಾಗಿತ್ತು.

1847ರಲ್ಲಿ ಸಿಂಧ್ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಅಂದರೆ ಕರಾಚಿಯೂ ನಮ್ಮ ಧಾರವಾಡ, ಬೆಳಗಾವಿಯೂ 1936ರತನಕ ಒಂದೇ ಪ್ರಾಂತ್ಯದಲ್ಲಿದ್ದವು. 1853ರಲ್ಲಿ ಮುಂಬೈ ಪ್ರಾಂತ್ಯ ಸಿಂಧ್‌ನ ಅನುಭವ ನೋಡಿಕೊಂಡು ಜಿಲ್ಲೆಗೊಬ್ಬ ಪೊಲೀಸ್ ಸೂಪರಿಂಟೆಂಡೆಂಟ್ ಅನ್ನೋ ವ್ಯವಸ್ಥೆ ತಂದಿತು. ಮದ್ರಾಸ್ 1859ರಲ್ಲಿ ತನ್ನ ಕಾಯ್ದೆ ಮಾಡಿತು. 1857ರ ದಂಗೆಯ ಬಿಸಿ ಆರುವ ಮೊದಲೇ, 1860ರಲ್ಲಿ ಪೊಲೀಸ್ ಆಯೋಗ ಕೂತಿತು. 1861ರ ಪೊಲೀಸ್ ಕಾಯ್ದೆ ಬಂದದ್ದು ಹೀಗೆ. ನಾವು ಇವತ್ತು ‘ಎಸ್‌ಪಿ’ ಅನ್ನೋ ಹುದ್ದೆಯ ವಂಶವೃಕ್ಷದಲ್ಲಿ ಸಿಂಧ್ ಇದೆ, ಅದರ ಹಿಂದೆ ಐರ್ಲೆಂಡ್ ಇದೆ.

ಎಲ್ಲಕ್ಕೂ ನೇಪಿಯರ್ ಒಬ್ಬನೇ ಕಾರಣ ಅಂತಲ್ಲ. ಆದರೆ ಯಾವುದೇ ಸಿಸ್ಟಮ್ ಅರ್ಥ ಮಾಡಿಕೊಳ್ಳೋಕೆ ಅದನ್ನು ಯಾವ ಉದ್ದೇಶಕ್ಕೆ ಡಿಸೈನ್ ಮಾಡಿದ್ದರು ಅಂತ ನೋಡಬೇಕು. ಈ ಪೊಲೀಸ್ ವ್ಯವಸ್ಥೆ ಮೇಲಿನವರಿಗೆ ಲೆಕ್ಕ ಕೊಡೋಕೆ ಆದದ್ದು, ಕೆಳಗಿನವರಿಗೆ ಅಲ್ಲ. ಕರ್ನಾಟಕದಲ್ಲಿ 1963ರದ್ದೇ ಆದ ಪೊಲೀಸ್ ಕಾಯ್ದೆ ಇದೆ. ಆದರೆ ಪೊಲೀಸರನ್ನು ಆಳುವವರ ಹಿಡಿತದಿಂದ ಬಿಡಿಸಬೇಕು, ದೂರು ಕೇಳೋಕೆ ಬೇರೆ ಪ್ರಾಧಿಕಾರ ಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಏಳು ನಿರ್ದೇಶನ ಕೊಡಬೇಕಾಯಿತು ಅಂದರೆ, ಹಳೆ ಡಿಸೈನ್ ಎಷ್ಟು ಗಟ್ಟಿ ಅಂತ ಯೋಚಿಸಿ.

ಕೊನೆಯ ಜಗಳ

1849ರ ಜನವರಿಯಲ್ಲಿ ಪಂಜಾಬಿನ ಚಿಲಿಯನ್‌ವಾಲಾದಲ್ಲಿ ಸಿಖ್ಖರು ಬ್ರಿಟಿಷರನ್ನು ಅಲುಗಾಡಿಸಿದರು. ಗಾಬರಿಯಾದ ಲಂಡನ್, ನಿವೃತ್ತಿಯ ವಯಸ್ಸು ದಾಟಿದ್ದ ನೇಪಿಯರ್‌ನನ್ನು ಭಾರತದ ಸೇನಾಧಿಪತಿಯಾಗಿ ಕಳಿಸಿತು. ಆತ ಬಂದು ಇಳಿಯುವಷ್ಟರಲ್ಲಿ ಯುದ್ಧ ಮುಗಿದಿತ್ತು.

ಸಿಕ್ಕಿದ್ದು ಬೇರೆ ತಲೆನೋವು. ಪಂಜಾಬಿನಲ್ಲಿದ್ದ ಕಂಪನಿಯ ಭಾರತೀಯ ಸಿಪಾಯಿಗಳು ಭತ್ಯೆ ಕಡಿತದಿಂದ ಸಿಟ್ಟಾಗಿದ್ದರು. 1850ರ ಫೆಬ್ರವರಿಯಲ್ಲಿ ಗೋವಿಂದಗಢದಲ್ಲಿ 66ನೇ ರೆಜಿಮೆಂಟ್ ತಿರುಗಿಬಿತ್ತು. ನೇಪಿಯರ್ ಆ ರೆಜಿಮೆಂಟನ್ನೇ ವಿಸರ್ಜಿಸಿ, ಅದರ ನಂಬರನ್ನು ಗೂರ್ಖಾ ಪಡೆಗೆ ಕೊಟ್ಟ. ಜೊತೆಗೆ, ದಂಗೆ ಹರಡಬಾರದು ಅಂತ ಗವರ್ನರ್ ಜನರಲ್ ಡಾಲ್‌ಹೌಸಿಯನ್ನು ಕೇಳದೆ ಭತ್ಯೆಯ ಒಂದು ನಿಯಮವನ್ನು ತಡೆಹಿಡಿದ. ಡಾಲ್‌ಹೌಸಿ ಛೀಮಾರಿ ಹಾಕಿದ. ನೇಪಿಯರ್ ರಾಜೀನಾಮೆ ಕೊಟ್ಟು ಹೊರಟ. ಸೇನೆಯ ಬಗ್ಗೆ ಎಚ್ಚರಿಸುವ ಅವನ ಪುಸ್ತಕ ಅಚ್ಚಾಗುವ ಹೊತ್ತಿಗೆ, 1853ರ ಆಗಸ್ಟಿನಲ್ಲಿ, ಅವನೇ ತೀರಿಕೊಂಡಿದ್ದ. ನಾಲ್ಕು ವರ್ಷಕ್ಕೆ 1857 ಬಂತು.

ಸಿಪಾಯಿಯ ಸಂಬಳದ ಸಿಟ್ಟು ಅವನಿಗೆ ಅರ್ಥವಾಗುತ್ತಿತ್ತು, ಅದು ಸುಳ್ಳಲ್ಲ. ಮಿಯಾನಿ ಆದಮೇಲೆ ವರದಿಯಲ್ಲಿ ಆಫೀಸರ್‌ಗಳ ಜೊತೆ ಸಾಮಾನ್ಯ ಸೈನಿಕರ ಹೆಸರನ್ನೂ ಬರೆದಿದ್ದ. ಅದಕ್ಕೇ 1856ರಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ನಿಂತ ಅವನ ಪ್ರತಿಮೆಗೆ ಚಂದಾ ಕೊಟ್ಟವರಲ್ಲಿ ಹೆಚ್ಚಿನವರು ಸಾಮಾನ್ಯ ಸೈನಿಕರು. ಪೀಠದ ಮೇಲೇ ಹಾಗಂತ ಕೆತ್ತಿದ್ದಾರೆ. 2000ದಲ್ಲಿ ಲಂಡನ್ ಮೇಯರ್ ಕೆನ್ ಲಿವಿಂಗ್‌ಸ್ಟನ್, ಅಲ್ಲಿರುವ ಇಬ್ಬರು ಜನರಲ್‌ಗಳು ಯಾರು ಅಂತಲೇ ನನಗೆ ಗೊತ್ತಿಲ್ಲ, ತೆಗೆಯೋಣ ಅಂದಾಗ ಗದ್ದಲವಾಯಿತು. ಒಬ್ಬ ಹ್ಯಾವ್‌ಲಾಕ್, ಇನ್ನೊಬ್ಬ ಇವನು. ಪ್ರತಿಮೆ ಈಗಲೂ ಅಲ್ಲೇ ಇದೆ.

ಪ್ರತಿಮೆ ಇರಬೇಕೋ ಬೇಡವೋ ಲಂಡನ್ನಿನವರು ನೋಡಿಕೊಳ್ಳಲಿ. ನಮಗೆ ಬೇಕಾದದ್ದು ಬೇರೆ. ನೇಪಿಯರ್ ಕೆಟ್ಟವನಾಗಿದ್ದರೆ ಈ ಕಥೆ ಸುಲಭವಾಗುತ್ತಿತ್ತು. ಅವನು ಪ್ರಾಮಾಣಿಕ, ಬಡವರ ಬಗ್ಗೆ ಕಾಳಜಿ ಇದ್ದವನು, ತನ್ನ ಕೆಲಸ ಅನ್ಯಾಯ ಅಂತ ಡೈರಿಗೆ ಹೇಳಿಕೊಳ್ಳುವಷ್ಟು ನೇರ. ಇಷ್ಟೆಲ್ಲ ಇದ್ದೂ ಸಿಂಧ್ ಉಳಿಯಲಿಲ್ಲ, ಯಾಕಂದರೆ ಅವನನ್ನು ತಡೆಯುವ ಅಧಿಕಾರ ಸಿಂಧ್‌ನ ಯಾರಿಗೂ ಇರಲಿಲ್ಲ. ಸತಿ ಫಾರ್ವರ್ಡ್ ಮತ್ತೆ ಬಂದಾಗ ಕಳಿಸಿದವರಿಗೆ ಇದನ್ನೂ ಸೇರಿಸಿ ಕಳಿಸಿ: ಆ ಗಲ್ಲುಗಂಬ ಕಟ್ಟುವ ಅಧಿಕಾರವನ್ನು ಅವನಿಗೆ ಸಿಂಧ್‌ನವರು ಕೊಟ್ಟಿರಲಿಲ್ಲ, ಕಿತ್ತುಕೊಳ್ಳೋಕೆ ಹಕ್ಕಿಲ್ಲ ಅಂತ ಅವನಿಗೂ ಗೊತ್ತಿತ್ತು.